ಒಣ ಸಿಗಡಿ ಗೊಬ್ಬರ ತರ್ತೀರಾ? ಮೊದಲು ಕಾಲು ಎಣಿಸಿ

ಮೂರು ವರ್ಷದ ಹಿಂದೆ ಒಂದು ಚೀಲ ಒಣ ಸಣ್ಣ ಸಿಗಡಿ ತಂದು, ಮೆಣಸಿನ ಗಿಡಗಳ ಬುಡಕ್ಕೆ ಹಾಗೇ ಸುರಿದಿದ್ದೆ. ಎರಡು ವಾರದೊಳಗೆ ಎಲೆಯ ಅಂಚು ಸುಟ್ಟಂತಾಯ್ತು. ಕಾರಣ ಉಪ್ಪು. ರಾತ್ರಿ ನಾಯಿಗಳು ಬಂದು ಸಾಲು ಸಾಲೇ ಕೆದಕಿ ಹಾಕಿದ್ವು. ತೋಟಗಾರಿಕೆ ಪದವಿ ಓದಿದ್ರೂ, ತಂದ ವಸ್ತು ಏನು ಅಂತ ನಾನು ಸರಿಯಾಗಿ ನೋಡಿರಲಿಲ್ಲ. ಆಮೇಲೆ ನೋಡಿದಾಗ ಚೀಲದಲ್ಲಿ ದೊಡ್ಡ ಜಾತಿ ಸಿಗಡಿಯ ಮರಿಗಳೂ ಬೆರೆತಿದ್ವು.

ಗೊಬ್ಬರಕ್ಕೆ ಬೇಕಾದದ್ದು ಅಸೆಟೀಸ್ ಇಂಡಿಕಸ್ ಅನ್ನೋ ಪುಟ್ಟ ಸಿಗಡಿ. ಮಹಾರಾಷ್ಟ್ರದಲ್ಲಿ ಇದನ್ನ ಜವಳಾ ಅಂತಾರೆ. ಅಲ್ಲಿ ಮತ್ತು ಗುಜರಾತ್ ಕರಾವಳಿಯಲ್ಲಿ ಇದನ್ನ ರಾಶಿಗಟ್ಟಲೆ ಹಿಡಿದು ಒಣಗಿಸ್ತಾರೆ. ವಿಜ್ಞಾನದ ಹೆಸರು ಬಂದದ್ದು 1830ರಲ್ಲಿ.

ಗುರುತಿಸೋದು ಹೇಗೆ?

ಒಂದು ಹಿಡಿ ಸಿಗಡಿಯನ್ನ ಬಿಳಿ ತಟ್ಟೆಯಲ್ಲಿ ಹತ್ತು ನಿಮಿಷ ನೀರಲ್ಲಿ ನೆನೆಸಿ, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿ.

• ಉದ್ದ: ಪೂರ್ತಿ ಬೆಳೆದ್ರೂ ಸಾಮಾನ್ಯವಾಗಿ 4 ಸೆಂ.ಮೀ. ದಾಟಲ್ಲ.
• ಕಾಲು: ನಡೆಯೋ ಕಾಲು ಮೂರೇ ಜೊತೆ. ದೊಡ್ಡ ಜಾತಿಯ ಮರಿಗೆ ಐದು ಜೊತೆ. ಒಣಗಿದಾಗ ಕಾಲು ಮುರಿದಿರ್ತದೆ, ಅದಕ್ಕೆ ಹತ್ತಾರು ಸಿಗಡಿ ನೋಡಿ.
• ಮೂಗು: ತಲೆ ಮುಂದಿನ ಮುಳ್ಳು ತುಂಬಾ ಗಿಡ್ಡ. ಮರಿಗಳಲ್ಲಿ ಅದು ಗರಗಸದ ಹಾಗೆ ಹಲ್ಲಿರೋ ಉದ್ದ ಕೊಂಡಿ.
• ಮೈ: ಜೀವಂತ ಇದ್ದಾಗ ಗಾಜಿನ ಹಾಗೆ ಪಾರದರ್ಶಕ, ಕಣ್ಣು ಕಪ್ಪು, ಬಾಲದ ಬುಡದಲ್ಲಿ ಕೆಂಪು ಚುಕ್ಕೆ. ಒಣಗಿದ್ರೆ ಬಣ್ಣ ನಂಬೋಕಾಗಲ್ಲ.
• ಮೀಸೆ: ಮೈಗಿಂತ ಉದ್ದ.

ಈ ಗುರುತು ಯಾಕೆ ಮುಖ್ಯ? ಜವಳಾ ಬೆಳೆಯೋದೇ ಇಷ್ಟು. ಮರಿಗಳು ಹಾಗಲ್ಲ, ಸಮುದ್ರದಲ್ಲಿ ಬಿಟ್ಟಿದ್ರೆ ದೊಡ್ಡದಾಗಿ ಮೀನುಗಾರನಿಗೆ ಒಳ್ಳೆ ಬೆಲೆ ತರ್ತಿದ್ವು. ಅದನ್ನ ಗೊಬ್ಬರಕ್ಕೆ ಕೊಳ್ಳೋದು ಅಂದ್ರೆ ಪಕ್ಕದ ತೋಟದ ಸಸಿಮಡಿ ಕಿತ್ತು ಕಾಂಪೋಸ್ಟ್ ಮಾಡಿದ ಹಾಗೆ. ಮರಿ ಕಂಡ್ರೆ ಚೀಲ ವಾಪಸ್ ಕೊಡಿ.

ಬಳಸೋದು ಹೇಗೆ?

ಈ ಸಿಗಡಿಯಲ್ಲಿ ಸಾರಜನಕ ಚೆನ್ನಾಗಿದೆ. ಚಿಪ್ಪಿನಲ್ಲಿ ಕೈಟಿನ್ ಇದೆ. ಕೈಟಿನ್ ತಿನ್ನೋ ಸೂಕ್ಷ್ಮಜೀವಿಗಳು ಮಣ್ಣಲ್ಲಿ ಹೆಚ್ಚಾದ್ರೆ ಬೇರುಗಂಟು ಜಂತುಹುಳದ ಮೊಟ್ಟೆಗೂ ಪೆಟ್ಟು, ಯಾಕಂದ್ರೆ ಆ ಮೊಟ್ಟೆಯ ಸಿಪ್ಪೆಯಲ್ಲೂ ಕೈಟಿನ್ ಇರ್ತದೆ. ಹಾಗಂತ ಇದೊಂದೇ ಮದ್ದು ಅಂತ ನಂಬಬೇಡಿ.

ನಾನೀಗ ಮೊದಲು ಸಿಹಿ ನೀರಲ್ಲಿ ಎರಡು ಮೂರು ಸಲ ತೊಳೀತೀನಿ. ಆ ನೀರನ್ನ ಗಿಡಕ್ಕೆ ಹಾಕಲ್ಲ. ಆಮೇಲೆ ಸಗಣಿ, ಒಣ ಎಲೆ ಜೊತೆ ಕಾಂಪೋಸ್ಟ್ ಗುಂಡಿಯ ನಡುವಿನ ಪದರಕ್ಕೆ ಹಾಕಿ ಮುಚ್ತೀನಿ. ವಾಸನೆ ಹೋಗಿ ಪೂರ್ತಿ ಕಳಿತ ಮೇಲಷ್ಟೇ ತೋಟಕ್ಕೆ. ನೀವೂ ಮೊದಲು ನಾಲ್ಕು ಗಿಡಕ್ಕೆ ಹಾಕಿ ನೋಡಿ, ಆಮೇಲೆ ಸಾಲಿಗೆ ಹಾಕಿ.