ಗೂಟದ ಎದುರು ಕತ್ತಿ

ರೋಮ್ ಸೈನ್ಯಕ್ಕೆ ಸೇರಿದ ಹೊಸಬನ ಮೊದಲ ಎದುರಾಳಿ ಆರಡಿ ಎತ್ತರದ ಮರದ ಗೂಟ. ಅವನ ಕೈಗೆ ಸಿಗುತ್ತಿದ್ದುದು ಹೆಣೆದ ಗುರಾಣಿ ಮತ್ತು ಮರದ ಕತ್ತಿ. ಎರಡೂ ಯುದ್ಧಕ್ಕೆ ಒಯ್ಯುವುದಕ್ಕಿಂತ ಇಮ್ಮಡಿ ಭಾರ. ಬೆಳಿಗ್ಗೆಯೂ ಮಧ್ಯಾಹ್ನವೂ ಗೂಟದ ಮುಂದೆ ಬೆವರು ಸುರಿಸಬೇಕಿತ್ತು ಎಂದು ರೋಮನ್ ಲೇಖಕ ವೆಜಿಟಿಯಸ್ ಬರೆದಿದ್ದಾನೆ. ಒಮ್ಮೆ ಮುಖಕ್ಕೆ ಗುರಿ, ಒಮ್ಮೆ ಪಕ್ಕೆಗೆ, ಇನ್ನೊಮ್ಮೆ ಕಾಲಿಗೆ. ಹೊಡೆಯುವ ಭರದಲ್ಲಿ ತನ್ನ ಮೈ ಬಯಲಾಗದಂತೆಯೂ ನೋಡಿಕೊಳ್ಳಬೇಕು. ಬೀಸುವುದಕ್ಕಿಂತ ತಿವಿಯುವುದೇ ಮೇಲು, ಮೊನೆ ಎರಡಂಗುಲ ಇಳಿದರೂ ಪ್ರಾಣಕ್ಕೆ ಕುತ್ತು ಎಂಬುದು ಅವನ ಲೆಕ್ಕ.

ಜಪಾನಿನ ಕಾಗೊಶಿಮಾದಲ್ಲಿ ಇದೇ ಗೂಟಕ್ಕೆ ಬೇರೆ ಕೆಲಸ. ತೋಗೊ ಶಿಗೆಕಾತ ಕಟ್ಟಿದ ಜಿಗೆನ್-ರ್ಯೂ ಎಂಬ ಕತ್ತಿವರಸೆ ಪಂಥದವರು ಒರಟು ಕೋಲು ಹಿಡಿದು, ಗಂಟಲು ಹರಿಯುವಂತೆ ಕೂಗುತ್ತಾ ಅದರ ಮೇಲೆರಗುತ್ತಾರೆ. ಬೆಳಿಗ್ಗೆ 3000, ಸಂಜೆ 8000 ಏಟು ಎಂಬ ಮಾತು ಅಲ್ಲಿ ಪ್ರಸಿದ್ಧ. ಎಣಿಸುತ್ತಾ ನಿಂತವರು ಯಾರೋ!

ಯುರೋಪಿನ ಹಳೆಯ ಕತ್ತಿವರಸೆಯನ್ನು ಪುಸ್ತಕಗಳಿಂದ ಮತ್ತೆ ಕಲಿಯುತ್ತಿರುವ ಇಂದಿನ ಹವ್ಯಾಸಿಗಳು ಇಂಥ ಕಂಬಕ್ಕೆ ‘ಪೆಲ್’ ಎನ್ನುತ್ತಾರೆ. ಒಳ್ಳೆಯ ಕತ್ತಿಗೆ ಜೇಬು ಖಾಲಿಯಾಗುತ್ತದೆ, ಪೆಲ್‌ಗೆ ಹಾಗೇನಿಲ್ಲ. ಅಮೆರಿಕದ ಹಿತ್ತಿಲುಗಳಲ್ಲಿ ಸಾಮಾನ್ಯವಾಗಿ ಕಾಣುವುದು ‘ಫೋರ್ ಬೈ ಫೋರ್’ ತೊಲೆ. ಹೆಸರಿಗೆ ನಾಲ್ಕಿಂಚು, ಅಳೆದರೆ ಮೂರೂವರೆ! ಎಂಟಡಿಯ ತೊಲೆಯಲ್ಲಿ ಎರಡಡಿ ಗುಂಡಿಗಿಳಿಸಿ ಕಲ್ಲು ಮಣ್ಣು ಗಿಡಿದರೆ ವೆಜಿಟಿಯಸ್ ಹೇಳಿದ ಎತ್ತರವೇ ಉಳಿಯುತ್ತದೆ. ಬಾಡಿಗೆ ಮನೆಯವರು ಅಂಗಳ ಅಗೆಯುವಂತಿಲ್ಲ. ಅವರು ಹಳೆಯ ಕಾರಿನ ಟೈರಿನೊಳಗೆ ಕಾಂಕ್ರೀಟ್ ತುಂಬಿ, ನಡುವೆ ಕಂಬ ನಿಲ್ಲಿಸುತ್ತಾರೆ. ಜಾಗ ಬದಲಿಸಬೇಕಾದರೆ ಓರೆ ಮಾಡಿ ಉರುಳಿಸಿಕೊಂಡು ಹೋಗಬಹುದು.

ಬರಿಯ ಮರಕ್ಕೆ ಹೊಡೆದರೆ ಏಟಿನ ಅದುರು ನೇರ ಮೊಣಕೈಗೆ ಏರುತ್ತದೆ. ಅದಕ್ಕೇ ಹಗ್ಗವನ್ನೋ ಹಳೆಯ ಕಾರ್ಪೆಟನ್ನೋ ಬಿಗಿಯಾಗಿ ಸುತ್ತುವುದು. ಮೊಳೆ ಹೊಡೆದು ಕೂರಿಸುವ ಆಸೆ ಬೇಡ. ಒಂದು ಮೊಳೆಯ ತಲೆ ಹೊರಬಂದರೂ ಕತ್ತಿಯ ಅಲಗು ಮುಕ್ಕಾದೀತು. ಟೈರು ಕಟ್ಟುವವರೂ ಉಂಟು. ಜಪಾನಿನ ಕತ್ತಿವರಸೆ ಕೆಂಡೊ ಕಲಿಯುವವರಿಗೆ ಅದು ಹಳೆಯ ಪರಿಚಯ. ಆದರೆ ರಬ್ಬರು ಕೋಲನ್ನು ಹಿಂದಕ್ಕೆಸೆಯುತ್ತದೆ. ಹಿಡಿತ ಸಡಿಲವಿದ್ದರೆ ಅದು ಹೊಡೆದವನ ಹಣೆಗೇ ಬರಬಹುದು. ಹರಿತ ಕತ್ತಿಯನ್ನಂತೂ ಕಂಬದ ಹತ್ತಿರ ತರಲೇಬಾರದು.

ಕಂಬದ ದೊಡ್ಡ ದೋಷ, ಅದು ತಿರುಗಿ ಹೊಡೆಯುವುದಿಲ್ಲ. ನೆಟ್ಟ ಕಾಲು ಕೀಳದೆ ಬಡಿಯುತ್ತಿದ್ದರೆ ತೋಳು ಗಟ್ಟಿಯಾದೀತು, ಕತ್ತಿವರಸೆ ಬಾರದು. ದೂರದಿಂದ ಹೆಜ್ಜೆಯಿಟ್ಟು ಒಳಬಂದು, ಒಂದೇಟು ಕೊಟ್ಟು, ಕತ್ತಿಯನ್ನು ಮುಂದೆ ಚಾಚಿಕೊಂಡೇ ಆಚೆ ಸರಿಯಬೇಕು.

ಕಲಿಯುವವನ ಚಾಳಿಯನ್ನು ಹಗ್ಗ ನೋಡಿಯೂ ಹೇಳಬಹುದು. ಬಲಗೈಯವರ ಕಂಬದಲ್ಲಿ ಸಾಮಾನ್ಯವಾಗಿ ಎದುರಾಳಿಯ ಎಡಗೆನ್ನೆಯ ಎತ್ತರದಲ್ಲೇ ನಾರು ಕಿತ್ತುಬಂದಿರುತ್ತದೆ. ತೊಡೆಯ ಮಟ್ಟದಲ್ಲಿ ಹೊಸ ಹಗ್ಗದ ಮಿರುಗು ಹಾಗೇ ಇರುತ್ತದೆ.