ಮಗ್ಗ ಸ್ವಂತದ್ದು, ಕೆಲಸ ಯಾರದ್ದು?

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಎಂಟನೇ ಶತಮಾನದ ಶಾಸನ ಸರ್ವಸಿದ್ಧಿ ಆಚಾರಿಯನ್ನು ದಕ್ಷಿಣ ದಿಕ್ಕಿನ ಸೂತ್ರಧಾರಿ ಎಂದು ಕೊಂಡಾಡುತ್ತದೆ. ಅಲ್ಲಿ ಕಸುಬಿಗೊಂದು ಹೆಸರಿದೆ, ಹೆಸರಿಗೆ ತಕ್ಕ ಮಾನವೂ ಇದೆ. ಅದೇ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಇವತ್ತು ಮನೆಯ ಮಗ್ಗದಲ್ಲಿ ಸೀರೆ ನೇಯುವವರಿಗೆ ಸರ್ಕಾರಿ ಸಮೀಕ್ಷೆ ಕೊಟ್ಟಿರುವ ಹೆಸರು ‘ಸ್ವಯಂ ಉದ್ಯೋಗಿ’. ತನಗೆ ತಾನೇ ಯಜಮಾನ ಎಂಬ ಅರ್ಥ ಕೊಡುವ ಈ ಮಾತು, ಬೇರೊಬ್ಬರ ಕೈಕೆಳಗಿನ ದುಡಿಮೆಯನ್ನು ಮರೆಮಾಡುತ್ತದೆ.

ಎಷ್ಟೋ ಮನೆಗಳಲ್ಲಿ ನೂಲು ಕೊಡುವವರು ಸಾವುಕಾರರು, ಬಣ್ಣ ಮತ್ತು ದಡಿ ಹೇಳುವವರೂ ಅವರೇ. ನೇಯ್ದ ಸೀರೆ ಮರಳುವುದು ಅವರ ಅಂಗಡಿಗೇ, ನೇಕಾರರಿಗೆ ಸಿಗುವುದು ಸೀರೆಗಿಷ್ಟು ಎಂಬ ಕೂಲಿ. ಜನ ಅದನ್ನು ‘ಕೂಲಿ’ ಎಂದೇ ಕರೆಯುತ್ತಾರೆ. ಅಧಿಕೃತ ಭಾಷೆಗಿಂತ ಈ ಮಾತು ಸತ್ಯಕ್ಕೆ ಹತ್ತಿರ. ಇನ್ನು ಇಳಕಲ್ಲಿನ ‘ಕೊಂಡಿ’ಯನ್ನು ನೋಡಿ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ; ಎರಡನ್ನೂ ಎಳೆಎಳೆಯಾಗಿ ಕುಣಿಕೆ ಹಾಕಿ ಸೇರಿಸಬೇಕು. ಆದ್ದರಿಂದ ಪ್ರತಿ ಸೀರೆಗೂ ಹಾಸು ಹೊಸದಾಗಿ ಸಿದ್ಧವಾಗಬೇಕು. ಇಂಥ ಪೂರ್ವಸಿದ್ಧತೆಗೆ, ಕಂಡಿಕೆ ಸುತ್ತುವುದಕ್ಕೆ ಮನೆಯ ಹೆಣ್ಣುಮಕ್ಕಳ ಕೈ ಬೇಕು. ಆದರೆ ಕೂಲಿ ಎಣಿಸುವುದು ಸೀರೆಯ ಲೆಕ್ಕದಲ್ಲಿ. ಕೈಗೆ ಬೇರೆ ಸಂಬಳ ಬಾರದ ಆ ಹೆಂಗಸು ಸಮೀಕ್ಷೆಯ ಪಟ್ಟಿಯಲ್ಲಿ ‘ಮನೆ ಉದ್ಯಮದ ಸಹಾಯಕಿ’ ಆಗುತ್ತಾಳೆ.

ಈಗ ದೇಶದ ಅಂಕಿಗಳನ್ನು ಓದೋಣ. ಕೇಂದ್ರ ಸರ್ಕಾರದ ಕಾರ್ಮಿಕ ಪಡೆ ಸಮೀಕ್ಷೆಯಾದ ಪಿಎಲ್‌ಎಫ್‌ಎಸ್‌ನ ವಾರ್ಷಿಕ ಲೆಕ್ಕದಲ್ಲಿ, 15 ವರ್ಷ ತುಂಬಿದವರ ನಿರುದ್ಯೋಗ ದರ 2017-18ರಲ್ಲಿ ಶೇ. 6.0 ಇದ್ದದ್ದು 2023-24ಕ್ಕೆ ಶೇ. 3.2ಕ್ಕೆ ಇಳಿಯಿತು. ಸಂತೋಷವೇ. ಆದರೆ ಅದೇ ಅವಧಿಯಲ್ಲಿ ದುಡಿಯುವವರ ಪೈಕಿ ಸ್ವಯಂ ಉದ್ಯೋಗಿಗಳ ಪಾಲು ಶೇ. 52.2ರಿಂದ ಶೇ. 58.4ಕ್ಕೆ ಏರಿತು; 2023-24ರಲ್ಲಿ ದುಡಿಯುವ ಹೆಂಗಸರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಸಂಬಳವಿಲ್ಲದ ಸಹಾಯಕಿಯರಾಗಿದ್ದರು. ವಾರದ ಲೆಕ್ಕದಲ್ಲಂತೂ ಏಳು ದಿನಗಳಲ್ಲಿ ಒಂದು ತಾಸು ದುಡಿದವರೂ ಉದ್ಯೋಗಸ್ಥರೇ. ಬಡವರಿಗೆ ಸುಮ್ಮನೆ ಕೂರುವ ಅನುಕೂಲವಿಲ್ಲ. ಆದ್ದರಿಂದ ‘ನಿರುದ್ಯೋಗ’ ಕಡಿಮೆಯಾಯಿತು ಎಂದರೆ ಆದಾಯ ಹೆಚ್ಚಿತು ಎಂದಲ್ಲ.

ಮಗ್ಗ ಮನೆಯದು, ವೇಳೆಯೂ ನೇಕಾರರ ಇಷ್ಟ, ಮತ್ತೆ ಸ್ವಯಂ ಉದ್ಯೋಗಿ ಎನ್ನಲು ಏನಡ್ಡಿ ಎಂದು ಕೇಳಬಹುದು. ಮಗ್ಗ ಅವರದು, ನಿಜ. ಆದರೆ ದರ ಅವರ ಕೈಯಲ್ಲಿಲ್ಲ, ಗಿರಾಕಿಯ ಮುಖವನ್ನೂ ಅವರು ಕಾಣುವುದಿಲ್ಲ. ಊರಿಗೊಂದು ವ್ಯಾಖ್ಯೆ ಮಾಡಿದರೆ ದೇಶದೇಶಗಳ ಹೋಲಿಕೆ ಹೇಗೆ ಎಂಬ ಇನ್ನೊಂದು ಪ್ರಶ್ನೆ ಹೆಚ್ಚು ತೂಕದ್ದು. ಏಕರೂಪದ ಅಳತೆ ಬೇಕೇ ಬೇಕು. ಆದರೆ ಜಗತ್ತಿನ ಅಳತೆಗೋಲೇ ಬದಲಾಗಿದೆ: ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಆಶ್ರಯದಲ್ಲಿ 2018ರಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞರು ‘ಅವಲಂಬಿತ ಗುತ್ತಿಗೆದಾರ’ ಎಂಬ ಹೊಸ ವರ್ಗವನ್ನು ಒಪ್ಪಿದರು. ಕಾಗದದ ಮೇಲೆ ಸ್ವತಂತ್ರ, ಕೆಲಸಕ್ಕೂ ದರಕ್ಕೂ ಇನ್ನೊಬ್ಬರ ಹಿಡಿತ: ಇಂಥವರಿಗಾಗಿ ಮಾಡಿದ ವರ್ಗ ಅದು. ಸಾವುಕಾರರ ನೂಲು ತಂದು ಕೂಲಿಗೆ ನೇಯುವ ಇಳಕಲ್ಲಿನವರಿಗೆ ಅದು ಅಳತೆ ಕೊಟ್ಟು ಹೊಲಿಸಿದಂತಿದೆ. ಮುಂದಿನ ಸಮೀಕ್ಷೆಯವರು ಅವರ ಮನೆಗೆ ಬಂದಾಗ ಮಗ್ಗ ಯಾರದ್ದೆಂದು ಕೇಳಿ ನಿಲ್ಲಿಸದೆ, ನೂಲು ಯಾರದ್ದು, ಕೂಲಿ ಗೊತ್ತುಮಾಡಿದವರು ಯಾರು, ಕೊಂಡಿ ಹಾಕಿದವರು ಯಾರು ಎಂದೂ ಕೇಳಲಿ.