ನಿಮಗಿದು ಗೊತ್ತೆ? ಬೇರಿಗೂ ಸ್ವಿಚ್ ಉಂಟು!

ಮಣ್ಣಿನಲ್ಲಿರುವ ಗೊಬ್ಬರವನ್ನು ಗಿಡ ಸುಮ್ಮನೆ ಹೀರುತ್ತಾ ಹೋಗುವುದಿಲ್ಲ. ಯಾವ ಪೋಷಕಾಂಶವನ್ನು ಎಷ್ಟು ಒಳಗೆ ಬಿಟ್ಟುಕೊಳ್ಳಬೇಕು ಎಂಬುದನ್ನು ಬೇರು ನಿಯಂತ್ರಿಸುತ್ತಲೇ ಇರುತ್ತದೆ. ಅದರಲ್ಲಿ ದೊಡ್ಡ ಪಾತ್ರ ಪ್ರೋಟೀನ್ ಕೈನೇಸ್ ಎಂಬ ಕಿಣ್ವಗಳದು. ಜೀವಕೋಶದ ಶಕ್ತಿವಾಹಕ ಅಣುವಾದ ಎಟಿಪಿಯಿಂದ ಒಂದು ಫಾಸ್ಫೇಟನ್ನು ತೆಗೆದು ಬೇರೊಂದು ಪ್ರೋಟೀನಿಗೆ ಜೋಡಿಸುವುದು ಇವುಗಳ ಕೆಲಸ. ಅಷ್ಟಕ್ಕೇ ಆ ಪ್ರೋಟೀನಿನ ವರ್ತನೆ ಬದಲಾಗುತ್ತದೆ.

ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡವನ್ನೇ ನೋಡಿ. ಅದರ ಬೇರಿನಲ್ಲಿ ನೈಟ್ರೇಟ್ ಸಾಗಿಸುವ ಸಿಎಚ್‌ಎಲ್1 ಎಂಬ ಪ್ರೋಟೀನಿದೆ. ಮಣ್ಣಿನಲ್ಲಿ ನೈಟ್ರೇಟ್ ತೀರಾ ಕಡಿಮೆಯಾದಾಗ ಸಿಐಪಿಕೆ23 ಎಂಬ ಕೈನೇಸ್ ಅದರ 101ನೇ ಅಮೈನೊ ಆಮ್ಲಕ್ಕೆ ಫಾಸ್ಫೇಟ್ ಸೇರಿಸುತ್ತದೆ. ಆಗ ಅದು ಅತ್ಯಲ್ಪ ನೈಟ್ರೇಟನ್ನೂ ಬಾಚಿಕೊಳ್ಳುತ್ತದೆ. ಫಾಸ್ಫೇಟ್ ಕಳಚಿದರೆ, ನೈಟ್ರೇಟ್ ಸಮೃದ್ಧವಾಗಿರುವ ಮಣ್ಣಿಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. 590 ಅಮೈನೊ ಆಮ್ಲಗಳ ಸರಪಳಿಯಲ್ಲಿ ಒಂದೇ ಒಂದು ಜಾಗದ ಬದಲಾವಣೆ ಇಷ್ಟು ಮಾಡುತ್ತದೆಂದರೆ ನಿಜಕ್ಕೂ ಅಚ್ಚರಿ!

ಇದೇ ಕೈನೇಸ್ ಪೊಟ್ಯಾಸಿಯಂ ಕೊರತೆಯಾದಾಗ ಎಕೆಟಿ1 ಎಂಬ ಕಾಲುವೆಯನ್ನು ಚುರುಕುಗೊಳಿಸುತ್ತದೆಂದು 2006ರಲ್ಲಿ ತಿಳಿಯಿತು. ಅಮೋನಿಯಂ ವಿಷಯದಲ್ಲಿ ಮಾತ್ರ ಅದರ ನಡೆ ತಿರುಗುಮುರುಗು. ಅಮೋನಿಯಂ ಅತಿಯಾದರೆ ಗಿಡಕ್ಕೆ ವಿಷವಾದ್ದರಿಂದ ಅದರ ದಾರಿಯನ್ನು ಮುಚ್ಚುತ್ತದೆ.

ಭಾರತಕ್ಕೂ ಇಲ್ಲೊಂದು ಹೆಮ್ಮೆಯ ನಂಟಿದೆ. ರಂಜಕ ಕಡಿಮೆಯಿರುವ ಮಣ್ಣಿನಲ್ಲೂ ಬೆಳೆಯಬಲ್ಲ ನಮ್ಮ ‘ಕಸಲತ್’ ಎಂಬ ಸಾಂಪ್ರದಾಯಿಕ ಭತ್ತದಲ್ಲಿ ವಿಜ್ಞಾನಿಗಳು ಪಿಎಸ್‌ಟಿಒಎಲ್1 ಎಂಬ ಕೈನೇಸ್ ವಂಶವಾಹಿಯನ್ನು ಗುರುತಿಸಿ, 2012ರಲ್ಲಿ ಪ್ರಕಟಿಸಿದರು. ಎಳವೆಯಲ್ಲೇ ಬೇರು ಹುಲುಸಾಗಿ ಹರಡುವಂತೆ ಮಾಡುವುದು ಇದರ ಗುಣ. ಹಲವು ಆಧುನಿಕ ತಳಿಗಳಲ್ಲಿ ಈ ವಂಶವಾಹಿಯೇ ಇಲ್ಲ.